ನಿಂತ ತೇರಿನ ಕಾವಲು

ತಾಳವಾಡಿ ಸೀಮೆ ತಮಿಳುನಾಡಿನ ಈರೋಡು ಜಿಲ್ಲೆಗೆ ಸೇರಿದ್ದರೂ ಇಲ್ಲಿಯ ನೆಲದ ಇಳಿಜಾರು, ಜನರ ನುಡಿ, ಸಂತೆಯ ವ್ಯವಹಾರ ಎಲ್ಲವೂ ಚಾಮರಾಜನಗರದ ಕಡೆಗೇ ಮುಖಮಾಡಿವೆ. ಸತ್ಯಮಂಗಲಕ್ಕೆ ಹೋಗಬೇಕಾದರೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ಚಾಮರಾಜನಗರಕ್ಕಾದರೋ ರಾಗಿ, ಜೋಳ, ಅರಿಸಿನದ ಹೊಲಗಳ ನಡುವಿನ ಸಮತಟ್ಟಾದ ದಾರಿ. ಆದುದರಿಂದ ನಮ್ಮ ಕಡೆಯ ಮದುವೆಯ ಜವಳಿಯಿಂದ ಹಿಡಿದು ಜಾತ್ರೆಯ ಹರಕೆಯವರೆಗೆ ಬಹುಪಾಲು ಆ ಊರಿಗೇ ಸಲ್ಲುತ್ತದೆ.

ಆ ಊರಿನ ಹಳೆಯ ಹೆಸರು ಅರಿಕುಠಾರ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಸ್ಥಳವೆಂಬ ಅಭಿಮಾನದಿಂದ 1818ರಲ್ಲಿ ಅದಕ್ಕೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ದೇವಾಲಯದ ಸಮೀಪದಲ್ಲಿಯೇ ಜನನ ಮಂಟಪವೂ ಇದೆ. ಆಷಾಢ ಮಾಸದಲ್ಲಿ ಇಲ್ಲಿ ನಡೆಯುವ ರಥೋತ್ಸವಕ್ಕೆ ಒಂದು ವಿಶೇಷವುಂಟು. ಆಷಾಢದಲ್ಲಿ ಹೊಸ ಸೊಸೆ ತವರಿಗೆ ಹೋಗಿರುತ್ತಾಳೆ. ಗಂಡ ಹೆಂಡಿರು ಒಂದೆಡೆ ಇರಬಾರದೆಂಬ ಕಟ್ಟಳೆ. ಆದರೆ ಈ ತೇರಿನ ದಿನ ಮಾತ್ರ ನವದಂಪತಿಗಳು ಜೊತೆಯಾಗಿ ಬಂದು, ತೇರಿಗೆ ಹಣ್ಣು ಜವನ ಎಸೆದು, ಕೈಮುಗಿದು ಹೋಗುತ್ತಾರೆ. ಗಡಿಯಾಚೆಯ ನಮ್ಮ ಹಳ್ಳಿಗಳಿಂದಲೂ ಹೊಸ ಸೀರೆಯ ಹೆಣ್ಣುಮಕ್ಕಳು, ಅವರ ಹಿಂದೆ ಬುತ್ತಿ ಹೊತ್ತ ಅತ್ತೆಯಂದಿರು ಬಸ್ಸು ತುಂಬಿ ಹೊರಡುವುದನ್ನು ನಾವು ಬಾಲ್ಯದಿಂದಲೂ ಕಂಡಿದ್ದೇವೆ.

ಅಂತಹ ತೇರಿಗೆ 2017ರಲ್ಲಿ ಬೆಂಕಿ ಬಿದ್ದಿತು. ಉತ್ಸವದ ನೂಕುನುಗ್ಗಲಿನಲ್ಲಿ ಅಲ್ಲ. ಜಾತ್ರೆಗೆ ಇನ್ನೂ ತಿಂಗಳುಗಳಿರುವಾಗ, ನಿಂತಲ್ಲಿಯೇ ನಿಂತಿದ್ದ ತೇರಿಗೆ ಒಬ್ಬ ವ್ಯಕ್ತಿ ಬೆಂಕಿ ಇಟ್ಟನು. ಅಲ್ಲಿಂದ ಐದು ವರ್ಷ ರಥೋತ್ಸವ ನಿಂತುಹೋಯಿತು. ಹೊಸ ತೇರು ಸಿದ್ಧವಾಗಿ ಬೀದಿಗೆ ಇಳಿದದ್ದು 2022ರ ಜುಲೈ 13ರಂದು. ಈ ನಡುವೆ ಎಷ್ಟು ಮದುವೆಗಳು ಆಗಿರಬೇಡ! ಆ ವರ್ಷಗಳ ದಂಪತಿಗಳು ಮಗುವನ್ನು ಎತ್ತಿಕೊಂಡು ಬಂದು ಹೊಸ ತೇರಿಗೆ ಜವನ ಎಸೆಯಬಹುದೇ ಹೊರತು, ಹೋದ ಆಷಾಢವನ್ನು ಯಾರೂ ಮರಳಿ ತಂದುಕೊಡಲಾರರು.

ಇದು ಒಂದೂರಿನ ಕಥೆಯಲ್ಲ. ತಿರುವಾರೂರಿನ ಪ್ರಸಿದ್ಧವಾದ ಮಹಾರಥವು 1920ರ ದಶಕದಲ್ಲಿ ಸುಟ್ಟುಹೋಗಿ, ಮತ್ತೆ ಕಟ್ಟಲ್ಪಟ್ಟಿತು. ಆಂಧ್ರದ ಅಂತರ್ವೇದಿಯಲ್ಲಿ ಲಕ್ಷ್ಮೀನರಸಿಂಹಸ್ವಾಮಿಯ ಸುಮಾರು 40 ಅಡಿ ಎತ್ತರದ ತೇರು 2020ರ ಸೆಪ್ಟೆಂಬರಿನ ಒಂದು ರಾತ್ರಿ ಭಸ್ಮವಾಯಿತು. ರಾಯದುರ್ಗ ಸೀಮೆಯ ಕಣೇಕಲ್ಲು ಮಂಡಲದ ಹನಕನಹಾಳು ಗ್ರಾಮದಲ್ಲಿ ರಾಮದೇವರ ತೇರಿಗೆ 2024ರ ಸೆಪ್ಟೆಂಬರಿನಲ್ಲಿ ರಾತ್ರಿಯ ವೇಳೆ ಬೆಂಕಿ ಹಚ್ಚಲಾಯಿತು. ಉರುಳುವ ತೇರನ್ನು ಸಾವಿರ ಕಣ್ಣುಗಳು ಕಾಯುತ್ತವೆ. ನಿಂತ ತೇರನ್ನು ಕಾಯುವವರು ಯಾರು? ವರ್ಷದಲ್ಲಿ ಒಂದೆರಡು ದಿನ ಓಡಾಡಿ, ಉಳಿದ ದಿನಗಳೆಲ್ಲ ಸುಮ್ಮನೆ ನಿಲ್ಲುವ ವಾಹನ ಇದು. ಅಪಾಯವಿರುವುದು ಆ ಉಳಿದ ದಿನಗಳಲ್ಲಿಯೇ.

ನಮ್ಮ ಗಡಿನಾಡಿನ ಹಳ್ಳಿಗಳಲ್ಲಿ ತೇರಿನ ಮನೆಗಳನ್ನು ನೋಡುತ್ತ ಹೋದರೆ ಕಾರಣಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ಕೆಲವೆಡೆ ತೇರಿಗೆ ತೆಂಗಿನ ಗರಿಯ ಹೊದಿಕೆ. ಬೇಸಗೆಯಲ್ಲಿ ಅದು ಬೆಂಕಿಪೊಟ್ಟಣಕ್ಕೆ ಸಮ. ಕೆಲವೆಡೆ ಗಾಲಿಗಳ ನಡುವೆ ಹುಲ್ಲು, ಸೌದೆ, ಹಳೆಯ ಬಿದಿರು, ಕಳೆದ ಜಾತ್ರೆಯ ಬಣ್ಣದ ಬಟ್ಟೆ. ಬಿಸಿಲಿಗೆ ನೆರಳೆಂದು ಕುಳಿತು ಬೀಡಿ ಸೇದುವವರು ಬೇರೆ. ಭಕ್ತರು ತೇರಿನ ಮರದ ಮೇಲೆಯೇ ಕರ್ಪೂರ ಹಚ್ಚುತ್ತಾರೆ. ದೀಪಾಲಂಕಾರದ ತಂತಿಗಳು ಜಾತ್ರೆ ಮುಗಿದರೂ ನೇತಾಡುತ್ತಿರುತ್ತವೆ. ಇಲಿ ಕಡಿದ ತಂತಿಯೊಂದು ಸಾಕು. ಹೆಚ್ಚಿನವರ ಗಮನಕ್ಕೆ ಬಾರದ ಇನ್ನೊಂದು ಸಂಗತಿಯುಂಟು: ಮರಕ್ಕೆ ಅಗಸೆ ಎಣ್ಣೆ ಬಳಿದ ಚಿಂದಿಬಟ್ಟೆಗಳನ್ನು ಮುದ್ದೆಯಾಗಿ ಮೂಲೆಗೆ ಎಸೆದರೆ, ಅವು ಒಳಗೊಳಗೇ ಕಾವೇರಿ, ಕಿಡಿಯ ಸೋಂಕಿಲ್ಲದೆಯೇ ಹೊತ್ತಿಕೊಳ್ಳಬಲ್ಲವು. ಅವನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು. ಇಲ್ಲವೆ ನೀರು ತುಂಬಿದ ಮುಚ್ಚಳದ ಡಬ್ಬಿಯಲ್ಲಿ ಹಾಕಿಡಬೇಕು.

ಪಟಾಕಿಯ ಮಾತಂತೂ ಹೇಳಲೇಬೇಕು. ಕಾಸರಗೋಡು ಜಿಲ್ಲೆಯ ನೀಲೇಶ್ವರದಲ್ಲಿ 2024ರ ಅಕ್ಟೋಬರಿನಲ್ಲಿ ತೆಯ್ಯಂ ಉತ್ಸವದ ಸಮಯ ಸಿಡಿಸಿದ ಪಟಾಕಿಯ ಕಿಡಿ, ಹತ್ತಿರದಲ್ಲಿಯೇ ಕೂಡಿಟ್ಟಿದ್ದ ಮದ್ದಿಗೆ ತಗುಲಿ, ನೂರೈವತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ತೇರಿನ ಮನೆಯನ್ನು ಪಟಾಕಿಯ ಉಗ್ರಾಣವನ್ನಾಗಿ ಮಾಡುವುದಕ್ಕಿಂತ ದೊಡ್ಡ ಅವಿವೇಕ ಮತ್ತೊಂದಿಲ್ಲ.

ಪರಿಹಾರಗಳು ಕಷ್ಟದವಲ್ಲ. ಗರಿಯ ಬದಲು ತಗಡಿನ ಮಾಡು, ಬೀಗವಿರುವ ಕಬ್ಬಿಣದ ಬಾಗಿಲು, ಸುತ್ತಲೂ ನಾಲ್ಕಾರು ಮಾರು ಹುಲ್ಲುಕಡ್ಡಿಯಿಲ್ಲದ ಬಯಲು, ಜಾತ್ರೆ ಮುಗಿದ ಮರುದಿನವೇ ವಿದ್ಯುತ್ ತಂತಿಗಳ ಬಿಡುಗಡೆ, ಕರ್ಪೂರಕ್ಕೆ ದೂರದಲ್ಲೊಂದು ಕಲ್ಲಿನ ಕಟ್ಟೆ. ಬಾಗಿಲ ಹೊರಗೆ ಮರಳು ತುಂಬಿದ ಬಕೆಟ್ಟುಗಳು, ನೀರಿನ ತೊಟ್ಟಿ, ಜೊತೆಗೆ ಅಗ್ನಿಶಾಮಕ ಸಿಲಿಂಡರು. ಪುಡಿಯ ಸಿಲಿಂಡರಿನ ಮಾಪಕದ ಮುಳ್ಳು ಹಸಿರು ಭಾಗದಲ್ಲಿರಬೇಕು; ಬಳಸುವಾಗ ಜ್ವಾಲೆಯ ತುದಿಗಲ್ಲ, ಬುಡಕ್ಕೆ ಹಿಡಿಯಬೇಕು. ಪುಡಿಯಿಂದ ಜ್ವಾಲೆ ಅಡಗಿದರೂ ಮರದೊಳಗೆ ಕೆಂಡ ಉಳಿಯುವುದರಿಂದ ಮೇಲೆ ನೀರು ಹೊಯ್ಯಲೇಬೇಕು. 101 ಅಥವಾ 112ಕ್ಕೆ ಕರೆಮಾಡುವುದನ್ನು ಶಾಲೆಯ ಮಕ್ಕಳೂ ಬಲ್ಲವರಾಗಿರಬೇಕು. ಅಗ್ನಿಶಾಮಕ ಠಾಣೆ ದೂರವಿರುವ ಊರಿನಲ್ಲಿ ಮೊದಲ ಐದು ನಿಮಿಷ ಊರಿನವರದೇ.

ಇನ್ನು ವಿಮೆ. ಮನುಷ್ಯರಿಗೆ, ಎತ್ತಿಗೆ, ಟ್ರ್ಯಾಕ್ಟರಿಗೆ ವಿಮೆ ಮಾಡಿಸುವ ನಾವು ಊರೆಲ್ಲ ಸೇರಿ ಕಟ್ಟಿದ ತೇರನ್ನು ಮರೆಯುತ್ತೇವೆ. ಅಗ್ನಿವಿಮೆಯಲ್ಲಿ ಬೆಂಕಿ, ಸಿಡಿಲುಗಳಲ್ಲದೆ ದುರುದ್ದೇಶದ ಹಾನಿಯೂ ಸಾಮಾನ್ಯವಾಗಿ ಸೇರಿರುತ್ತದೆ. ಸೇರಿದೆಯೇ ಎಂದು ಪತ್ರದಲ್ಲಿ ಓದಿ ತಿಳಿಯಬೇಕು. ಕಂತು ಉಳಿಸಲು ಬೆಲೆಯನ್ನು ಕಡಿಮೆ ಬರೆಸಿದರೆ ನಷ್ಟ ನಮಗೇ. 40 ಲಕ್ಷ ರೂಪಾಯಿ ಬಾಳುವ ತೇರಿಗೆ 20 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದ್ದು, 10 ಲಕ್ಷದ ಭಾಗ ಸುಟ್ಟರೆ, ಸರಾಸರಿಯ ನಿಯಮದಂತೆ ಕೈಗೆ ಬರುವುದು 5 ಲಕ್ಷ. ಹಳೆಯ ಮರವೆಂದು ಸವಕಳಿ ಕಳೆಯುತ್ತಾರೆಯೋ, ಹೊಸದಾಗಿ ಕಟ್ಟುವ ವೆಚ್ಚವನ್ನು ಕೊಡುತ್ತಾರೆಯೋ ಎಂಬುದು ಎರಡನೆಯ ಪ್ರಶ್ನೆ. ಕೆತ್ತನೆಯ ಬೊಂಬೆಗಳು, ಕಳಸ ಮುಂತಾದುವನ್ನು ಬೇರೆಯಾಗಿ ನಮೂದಿಸುವುದು ಕ್ಷೇಮ. ಕಲಾವಸ್ತುವೆಂಬ ಕಾರಣದಿಂದ ಅವು ಹೊರಗುಳಿಯಬಹುದು. ವಿಮೆಯು ತೇರಿನ ಮನೆಯ ವಿಳಾಸಕ್ಕೆ ಮಾತ್ರವೋ, ಬೀದಿಯಲ್ಲಿರುವಾಗಲೂ ಅನ್ವಯವೋ ಎಂದು ಕೇಳಿಯೇ ಸಹಿ ಹಾಕಬೇಕು. ತೇರಿನ ಅಳತೆ, ಎಲ್ಲ ಕಡೆಯ ಛಾಯಾಚಿತ್ರಗಳು, ಶಿಲ್ಪಿಯಿಂದ ಬರೆಸಿದ ಬೆಲೆಪಟ್ಟಿ, ಇವುಗಳ ಒಂದು ಪ್ರತಿಯನ್ನು ದೇವಾಲಯದ ಹೊರಗೆ ಬೇರೊಂದು ಮನೆಯಲ್ಲಿಡಬೇಕು. ಅನಾಹುತವಾದರೆ ತಡಮಾಡದೆ ಪೊಲೀಸರಿಗೂ ವಿಮಾ ಕಚೇರಿಗೂ ತಿಳಿಸಿ, ಸಮೀಕ್ಷಕರು ಬಂದು ನೋಡುವವರೆಗೆ ಸುಟ್ಟ ಮರವನ್ನು ಸಾಗಿಸಬಾರದು.

ಇಲ್ಲಿ ಗಡಿನಾಡಿನವರಾದ ನಮಗೆ ವಿಶೇಷವಾದ ತೊಡಕೊಂದಿದೆ. ವಿಮಾ ಪತ್ರ ಬರುವುದು ಇಂಗ್ಲಿಷಿನಲ್ಲಿ; ಕಚೇರಿಯ ಕಾಗದ ತಮಿಳು, ತೆಲುಗು, ಮಲಯಾಳ ಅಥವಾ ಮರಾಠಿಯಲ್ಲಿ. ಊರ ಯಜಮಾನರು ಕನ್ನಡದಲ್ಲಿ ಯೋಚಿಸಿ, ತಿಳಿಯದ ಭಾಷೆಯಲ್ಲಿ ಸಹಿ ಹಾಕುತ್ತಾರೆ. ಪ್ರತಿ ಊರಿನಲ್ಲಿಯೂ ಈಗ ಓದಿದ ಹುಡುಗ ಹುಡುಗಿಯರಿದ್ದಾರೆ. ಅವರನ್ನು ಕೂರಿಸಿಕೊಂಡು, ಪತ್ರದ ಪ್ರತಿಯೊಂದು ಷರತ್ತನ್ನೂ ಕನ್ನಡದಲ್ಲಿ ಹೇಳಿಸಿ, ಒಂದು ನೋಟುಪುಸ್ತಕದಲ್ಲಿ ಬರೆಸಿಡುವುದು ಯಾವ ಊರಿಗೂ ಅಸಾಧ್ಯವಲ್ಲ. ಭಾಷೆಯನ್ನು ಉಳಿಸುವ ಕೆಲಸ ಭಾಷಣಗಳಲ್ಲಷ್ಟೇ ಅಲ್ಲ, ಇಂತಹ ಪುಸ್ತಕಗಳಲ್ಲಿಯೂ ನಡೆಯುತ್ತದೆ.

ವಿಮೆಯಿಂದ ಮರ ಬರುತ್ತದೆ, ಬಡಗಿಯ ಕೂಲಿ ಬರುತ್ತದೆ; ಅಜ್ಜಂದಿರು ಹಿಡಿದ ಗಾಲಿ ಬರುವುದಿಲ್ಲ. ಆದುದರಿಂದ ಕಾವಲು ಮೊದಲು, ವಿಮೆ ಅನಂತರ. ಆದರೆ ಎರಡೂ ಬೇಕು. ಮುಂದಿನ ಜಾತ್ರೆಯ ಲೆಕ್ಕ ಒಪ್ಪಿಸುವ ಸಭೆಯಲ್ಲಿ ಹೂವು, ವಾದ್ಯ, ಪ್ರಸಾದಗಳ ಸಾಲಿನ ಕೆಳಗೆ "ತೇರಿನ ಕಾವಲು ಮತ್ತು ವಿಮೆ" ಎಂದು ಇನ್ನೊಂದು ಸಾಲನ್ನು ಸೇರಿಸುವಂತೆ ಪ್ರತಿ ಊರಿನ ಹಿರಿಯರನ್ನೂ ಕೇಳಿಕೊಳ್ಳುತ್ತೇವೆ.