ಬೆಂದ ಕೈ

ಬೆಂಕಿಯೊಡನೆ ಮನುಷ್ಯನಿಗಿರುವ ಸ್ನೇಹ ಬಹು ಹಳೆಯದು. ಕೂಸಿಗೆ ಮಾತ್ರ ಅದು ಪ್ರತಿ ಸಲವೂ ಹೊಸದು. ಅಗ್ನಿಯನ್ನು ದೇವರೆಂದು ಪೂಜಿಸಿ, ಒಲೆಯಲ್ಲಿ ಅವನನ್ನು ಕಟ್ಟಿಹಾಕಿ ಅನ್ನ ಬೇಯಿಸಿಕೊಂಡ ಹಿರಿಯರು ಅವನ ಎರಡು ಮುಖಗಳನ್ನೂ ಬಲ್ಲರು. ಒಂದೂವರೆ ವರ್ಷದ ಮಗುವಿಗೆ ಆ ವಿದ್ಯೆಯನ್ನು ಯಾರು ಕಲಿಸಿಯಾರು? ಅದಕ್ಕೆ ಹೊಳೆಯುವುದೆಲ್ಲ ಆಟಿಕೆ, ಎಟಕುವುದೆಲ್ಲ ತನ್ನದು. ಎಳೆಯ ಮಕ್ಕಳು ಮೈ ಸುಟ್ಟುಕೊಳ್ಳುವುದು ಬಹುಮಟ್ಟಿಗೆ ಉರಿಯುವ ಬೆಂಕಿಯಿಂದಲ್ಲ. ಬಿಸಿನೀರು, ಹಾಲು, ಕಾಫಿ, ಸಾರು ಮುಂತಾಗಿ ದಿನವೂ ಮನೆಯನ್ನು ಪೋಷಿಸುವ ಪದಾರ್ಥಗಳಿಂದಲೇ. ಮಿತ್ರನ ಕೈಯಿಂದ ಬಿದ್ದ ಪೆಟ್ಟಿನಂತೆ ಅದು ಅನಿರೀಕ್ಷಿತವಾದುದು.

ಮಲೆನಾಡಿನ ಅಂಚಿನ ಊರೊಂದರಲ್ಲಿ, ಉಪಾಧ್ಯಾಯರೊಬ್ಬರ ಮನೆಯಲ್ಲಿ, ೨೦೧೮ರ ಚಳಿಗಾಲದ ಒಂದು ಮುಂಜಾನೆ ನಡೆದುದೂ ಇಂಥದೇ. ತಾಯಿ ಹಿತ್ತಲಲ್ಲಿದ್ದಳು. ತಂದೆ ಆಗತಾನೆ ಬೆರೆಸಿದ ಕಾಫಿಯ ಲೋಟವನ್ನು ಮೇಜಿನ ಮೇಲಿಟ್ಟು, ಬಾಗಿಲಲ್ಲಿ ಬಿದ್ದಿದ್ದ ಪತ್ರಿಕೆಯನ್ನು ಎತ್ತಿಕೊಳ್ಳಲು ತಿರುಗಿದರು. ಮಗಳು ಮೇಜಿನ ಹಾಸುಬಟ್ಟೆಯ ಅಂಚನ್ನು ಹಿಡಿದು ಜಗ್ಗಿದಳು. ಕೂಗು ಕೇಳಿ ಅವರು ತಿರುಗುವಷ್ಟರಲ್ಲಿ ಎಡಗೈಯ ಮೇಲೆ, ಮೊಣಕೈಯಿಂದ ಬೆರಳಿನವರೆಗೆ, ಕಾಫಿ ಹರಿದುಹೋಗಿತ್ತು.

ಇಂಥ ವೇಳೆಯಲ್ಲಿ ಮನೆ ತುಂಬ ವೈದ್ಯರು ಹುಟ್ಟಿಕೊಳ್ಳುವುದು ಲೋಕರೂಢಿ. ಅಜ್ಜಿ ಬೆಣ್ಣೆಯ ಬಟ್ಟಲನ್ನು ತಂದರು. ಪಕ್ಕದ ಮನೆಯವರು ಅರಿಶಿನ ಎಂದರು, ಅವರ ಮಗ ಹಲ್ಲುಜ್ಜುವ ಪೇಸ್ಟು ಎಂದ. ಹಿಂದಿನ ಕಾಲದಲ್ಲಾದರೆ ಶಾಯಿಯನ್ನೂ ಸುರಿಯುತ್ತಿದ್ದರು. ಎಲ್ಲರದೂ ಪ್ರೀತಿಯೇ, ಆದರೆ ಪ್ರೀತಿಯಿಂದ ಹಚ್ಚಿದ ಲೇಪವೂ ಶಾಖವನ್ನು ಒಳಗೇ ಹಿಡಿದಿಡಬಲ್ಲದು, ಗಾಯಕ್ಕೆ ನಂಜನ್ನು ತರಬಲ್ಲದು. ಶಾಲೆಯ ಗೋಡೆಗೆ ತೂಗುಹಾಕಿದ್ದ ಪ್ರಥಮ ಚಿಕಿತ್ಸೆಯ ಪಟವನ್ನು ವರ್ಷವರ್ಷವೂ ಮಕ್ಕಳಿಗೆ ಓದಿಸುತ್ತಿದ್ದ ಉಪಾಧ್ಯಾಯರಿಗೆ ಅದರ ಒಂದು ಸಾಲು ಆಗ ನೆನಪಿಗೆ ಬಂತು. ಮಗುವಿನ ಕೈಬಳೆಯನ್ನು ತೆಗೆದು, ನಲ್ಲಿಯ ಕೆಳಗೆ, ಹರಿಯುವ ತಣ್ಣೀರಿನಲ್ಲಿ ಆ ಪುಟ್ಟ ಕೈಯನ್ನು ಹಿಡಿದು ನಿಂತರು. ಚಳಿಯಾಗದಂತೆ ಉಳಿದ ಮೈಗೆ ಶಾಲು ಸುತ್ತಿದರು. ಹಾಗೆ ನಿಲ್ಲಬೇಕಾದುದು ೨೦ ನಿಮಿಷ. ಮಂಜುಗಡ್ಡೆ ಕೂಡದು, ಅದು ಬೆಂದ ಚರ್ಮಕ್ಕೆ ಮತ್ತೊಂದು ಗಾಯ. ಶಾಖವು ಚರ್ಮದ ಮೇಲಿಂದ ಹೋದರೂ ಒಳಪದರಗಳಲ್ಲಿ ಇಳಿಯುತ್ತಲೇ ಇರುತ್ತದೆ. ನೀರು ಅದನ್ನು ಹಿಂದಕ್ಕೆ ಸೆಳೆಯಬೇಕು. ಓದುವಾಗ ೨೦ ನಿಮಿಷ ಅಲ್ಪ. ಒದ್ದಾಡುವ ಕೂಸನ್ನು ಬಿಗಿಯಾಗಿ ಹಿಡಿದು, ಅದರ ಅಳುವಿಗೆ ತಾನೇ ಕಾರಣನೆಂಬಂತೆ ನಿಲ್ಲುವವನಿಗೆ ಅದು ಒಂದು ಯುಗ. “ಸಾಕು, ಬಿಡು” ಎಂದು ಅಜ್ಜಿ ಎರಡು ಬಾರಿ ಹೇಳಿದರು. ಅವರು ಬಿಡಲಿಲ್ಲ.

ಸುಟ್ಟಗಾಯಕ್ಕೂ ನಮ್ಮ ದೇಶದ ವೈದ್ಯಶಾಸ್ತ್ರಕ್ಕೂ ಪರಿಚಯ ಹೊಸದಲ್ಲ. ಸುಶ್ರುತಸಂಹಿತೆಯು ಬೆಂದುದನ್ನು ಪ್ಲುಷ್ಟ, ದುರ್ದಗ್ಧ, ಸಮ್ಯಗ್ದಗ್ಧ, ಅತಿದಗ್ಧ ಎಂದು ನಾಲ್ಕು ಬಗೆಯಾಗಿ ಹೇಳುತ್ತದೆ. ಇಂದಿನ ವೈದ್ಯರು ನೋಡುವುದೂ ಆಳ ಅಗಲಗಳನ್ನೇ. ಬೆರಳು ಸಹಿತವಾದ ರೋಗಿಯದೇ ಅಂಗೈಯನ್ನು ಮೈಯ ನೂರರಲ್ಲಿ ಒಂದು ಪಾಲೆಂದು ಎಣಿಸಿ ಗಾಯದ ಹರವನ್ನು ಅಳೆಯುತ್ತಾರೆ. ಅಂಥ ಹತ್ತು ಪಾಲು ಬೆಂದ ಮಗುವಿನ ಪ್ರಾಣಕ್ಕೇ ಭಯವುಂಟು. ಈ ಮಗುವಿನದು ಅಷ್ಟಿರಲಿಲ್ಲ. ಆದರೂ ಕೈಯ ಗಾಯವೆಂದರೆ ಹರವು ಕಿರಿದಾದರೂ ಕಡೆಗಣಿಸುವಂತಿಲ್ಲ. ಮುಂದೆ ಬೆರಳು ಮಡಿಸಬೇಕು, ಬಳಪ ಹಿಡಿಯಬೇಕು. ಆಳವೆಷ್ಟೆಂದು ಕೇಳಿದರೆ ವೈದ್ಯರು, “ಎರಡು ಮೂರು ದಿನ ಹೋಗಲಿ, ಗಾಯವೇ ಹೇಳುತ್ತದೆ” ಎಂದರು. ಕಾಯುವುದಕ್ಕೆ ಔಷಧವಿಲ್ಲ.

ದಿನ ಬಿಟ್ಟು ದಿನ ಪಟ್ಟಿ ಬದಲಿಸುವ ಕೆಲಸ. ನೋವು ಕಡಿಮೆಯಾಗಲೆಂದು ಮುಂಚೆಯೇ ಔಷಧ ಕೊಡುತ್ತಿದ್ದರು; ಆದರೂ ಬಿಳಿಯ ಬಟ್ಟೆಯ ದಾದಿಯನ್ನು ಕಂಡೊಡನೆ ಮಗು ತಂದೆಯ ಕತ್ತನ್ನು ಅಪ್ಪಿಕೊಳ್ಳುತ್ತಿತ್ತು. ಯಾರ ಕೈಯಲ್ಲಿದ್ದಾಗ ನೋವಾಯಿತೋ ಅವರನ್ನೇ ಅದು ಮರೆಹೊಗುತ್ತಿತ್ತು. ಆ ಅಪ್ಪುಗೆಯನ್ನು ಅವರು ಸಹಿಸಲಾರದೆ ಹೋದರು. ನೋಡಲು ಬಂದವರೆಲ್ಲ ಕೇಳುತ್ತಿದ್ದುದು ಒಂದೇ: “ಆಗ ನೀವೆಲ್ಲಿದ್ದಿರಿ?” ಕೇಳಿದವರು ಕಾಫಿ ಕುಡಿದು ಎದ್ದುಹೋಗುತ್ತಿದ್ದರು. ಪ್ರಶ್ನೆ ಮಾತ್ರ ಮನೆಯಲ್ಲೇ ಉಳಿಯುತ್ತಿತ್ತು.

ಆ ಪ್ರಶ್ನೆಗೆ ವಿಜ್ಞಾನದ ಒಂದು ಉತ್ತರವುಂಟು. ೧೯೪೭ರಲ್ಲಿ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಎಂಬ ಅಮೆರಿಕದ ವಿದ್ವಾಂಸರು ಶಾಖಕ್ಕೂ ಕಾಲಕ್ಕೂ ಇರುವ ಸಂಬಂಧವನ್ನು ಪ್ರಕಟಿಸಿದರು. ೪೪ ಡಿಗ್ರಿ ಸೆಂಟಿಗ್ರೇಡಿನ ಶಾಖ ಚರ್ಮವನ್ನು ಕೆಡಿಸಲು ಸುಮಾರು ೬ ಗಂಟೆ ಬೇಕು. ೬೦ ಡಿಗ್ರಿಗೆ ಸುಮಾರು ೫ ಸೆಕೆಂಡು ಸಾಕು. ಅದು ದೊಡ್ಡವರ ಚರ್ಮದ ಲೆಕ್ಕ. ಕೂಸಿನದು ಇನ್ನೂ ತೆಳುವು. ಬೆರೆಸಿದ ಕೂಡಲೆ ಕಾಫಿಯು ಅದಕ್ಕಿಂತ ಬಿಸಿಯಾಗಿರುವುದುಂಟು. ಪತ್ರಿಕೆಯನ್ನು ಎತ್ತಿಕೊಳ್ಳುವಷ್ಟು ಕಾಲವೂ ಬೇಡ. ಎಷ್ಟು ಪ್ರೀತಿಯ ಕಣ್ಣಾದರೂ ಒಮ್ಮೆ ರೆಪ್ಪೆ ಬಡಿಯಲೇಬೇಕು. ವಿಪತ್ತಿಗೆ ಅಷ್ಟೇ ಅವಕಾಶ ಸಾಕು.

ಲೆಕ್ಕದಿಂದ ಮನಸ್ಸು ಸಮಾಧಾನಗೊಳ್ಳುವುದಾಗಿದ್ದರೆ ಗಣಿತಜ್ಞರಿಗೆ ದುಃಖವೇ ಇರುತ್ತಿರಲಿಲ್ಲ. ಹೆಂಡತಿ ಒಂದು ದಿನವೂ ಅವರನ್ನು ದೂರಲಿಲ್ಲ. ಆ ಮೌನವೇ ದೂರಾಗಿ ಅವರಿಗೆ ಕೇಳಿಸುತ್ತಿತ್ತು. ಕೊನೆಗೆ ಒಂದು ರಾತ್ರಿ ಆಕೆಯೇ ಹೇಳಿದಳು: “ಆ ಹಾಸುಬಟ್ಟೆಯನ್ನು ಮೇಜಿಗೆ ಹೊಲಿದು ಹಾಕಿದವಳು ನಾನು. ಅಂದಿನಿಂದ ಅದನ್ನೇ ನೆನೆಯುತ್ತಿದ್ದೇನೆ.” ಇಬ್ಬರೂ ಒಬ್ಬರಿಗೊಬ್ಬರು ತಿಳಿಯದಂತೆ ಒಂದೇ ಹೊರೆಯನ್ನು ಹೊತ್ತಿದ್ದರು. ಮಾತಾಡಿದ ಮೇಲೆ ಅದು ಇಳಿಯಲಿಲ್ಲ, ಆದರೆ ಹಂಚಿಹೋಯಿತು.

ಗಾಯದ ಹೆಚ್ಚಿನ ಭಾಗ ಮೂರು ವಾರಗಳೊಳಗೆ ಮಾಗಿತು. ಮಣಿಕಟ್ಟಿನ ಬಳಿ ಮಾತ್ರ ಒಂದು ಕಲೆ ದಪ್ಪವಾಗಿ ಕೆಂಪಾಗಿ ಉಳಿಯಿತು. ಇಂಥ ಕಲೆ ಮೆತ್ತಗಾಗಿ ಬಣ್ಣ ತಿಳಿಯಾಗಲು ಒಂದೆರಡು ವರ್ಷ ಹಿಡಿಯುವುದುಂಟು. ಬಿಸಿಲು ತಾಗದಂತೆ ನೋಡಿಕೊಳ್ಳಬೇಕು, ದಿನವೂ ಮೃದುವಾಗಿ ತೀಡಬೇಕು, ಬಿಗಿಯಾದ ಕೈಗವುಸು ತೊಡಿಸಬೇಕು, ಬೆರಳುಗಳನ್ನು ಆಡಿಸುತ್ತಿರಬೇಕು. ಇಲ್ಲವಾದರೆ ಚರ್ಮ ಸೆಳೆದು ಕೈ ಮುದುಡೀತು. ತಂದೆ ಈ ಸೇವೆಯನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಎಲ್ಲರಿಗೂ ಗೊತ್ತು. ಬಿಸಿಹಾಲಿಗೆ ಬಾಯಿಟ್ಟು ನಾಲಗೆ ಸುಟ್ಟುಕೊಂಡ ಆ ಪ್ರಾಣಿ ಮುಂದೆ ಹಾಲು ಕಂಡರೆ ಓಡುತ್ತಿತ್ತು. ಈ ಮನೆಯಲ್ಲಿ ಬೆಕ್ಕಾದುದು ಮಗುವಲ್ಲ, ತಂದೆ. ಮಗಳು ತಿಂಗಳೊಳಗೆ ಎಲ್ಲವನ್ನೂ ಮರೆತು ಅಡುಗೆಮನೆಯ ಹೊಸ್ತಿಲನ್ನು ದಾಟಿದಳು. ಅವರು ಅಡ್ಡಗಟ್ಟಿ ನಿಂತರು. ಬಾಗಿಲಿಗೆ ಅಗಳಿ ಬಂತು. ಮನೆಯಲ್ಲಿ ಕಾಫಿ ನಿಂತಿತು. ಆಗ ಅಜ್ಜಿ, “ಕೈಗೆ ಬಿದ್ದ ಗಾಯ ಮಾಯ್ದಿತು, ನಿನ್ನ ಅಂಜಿಕೆಯ ಗಾಯವನ್ನು ಕೂಸಿಗೆ ಮಾಡಬೇಡ” ಎಂದರು. ಬೆಣ್ಣೆ ತಂದ ಕೈಯಾದರೂ ಮಾತು ಮಾತ್ರ ದಿವ್ಯೌಷಧವೇ ಆಗಿತ್ತು.

ಎಚ್ಚರ ಬೇರೆ, ಭಯ ಬೇರೆ. ಭಯ ಬಾಗಿಲು ಮುಚ್ಚುತ್ತದೆ. ಎಚ್ಚರ ಮನೆಯನ್ನು ತಿದ್ದುತ್ತದೆ. ಮೇಜಿನ ಹಾಸುಬಟ್ಟೆ ಹೋಯಿತು. ಒಲೆಯ ಮೇಲಿನ ಪಾತ್ರೆಗಳ ಹಿಡಿ ಗೋಡೆಯ ಕಡೆಗೆ ತಿರುಗಿತು. ಸ್ನಾನದ ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು ಎಂಬುದು ಮನೆಯ ಕಟ್ಟಳೆಯಾಯಿತು. ಮಗು ಮಡಿಲಲ್ಲಿರುವಾಗ ಬಿಸಿಯಾದುದನ್ನು ಯಾರೂ ಕುಡಿಯಕೂಡದು. ಬೆಂಕಿ ಬಿದ್ದ ಮೇಲೆ ತೋಡಿದ ಬಾವಿಯೆಂದು ನಗುವವರು ನಗಲಿ. ಆ ಬಾವಿಯ ನೀರು ನೆರೆಮನೆಯ ಕೂಸಿಗಾದರೂ ಒದಗೀತು.

ಆ ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ಅವಳಿಗೆ ಆ ದಿನದ ನೆನಪಿಲ್ಲ. ಮಣಿಕಟ್ಟಿನ ಕಲೆ ಹುಟ್ಟಿನಿಂದಲೇ ಇದ್ದ ಮಚ್ಚೆಯಂತೆ ಅವಳಿಗೆ ಸಹಜವಾಗಿದೆ. ನೆನಪೆಲ್ಲ ತಂದೆತಾಯಿಗಳ ಪಾಲು. ಮಕ್ಕಳ ನೋವನ್ನು ಮಕ್ಕಳು ಮರೆಯುವುದು, ಹಿರಿಯರು ಹೊತ್ತು ನಡೆಯುವುದು ಸೃಷ್ಟಿಯ ನಿಯಮವಿರಬೇಕು. ಕ್ರೂರವೆಂದು ತೋರಿದರೂ ಅದರಲ್ಲಿ ದಯೆಯಿದೆ. ಹೊರಬಲ್ಲವರ ಹೆಗಲಿಗೇ ಹೊರೆ ಬಿದ್ದಿದೆ.