ಕಾಯಿಯ ಕಾವಲು

ಪ್ರತಿ ಬೇಸಿಗೆಯಲ್ಲೂ ನಾವು ಮಾವಿನಕಾಯಿಗಳನ್ನು ಹುಲ್ಲಿನಲ್ಲಿ ಅಡೆ ಹಾಕುತ್ತೇವೆ. ಕಾಯಿಯಲ್ಲಿ ಒಂದು ಕಲೆಯೂ ಇರುವುದಿಲ್ಲ. ಹಳದಿಗೆ ತಿರುಗುತ್ತಲೇ ಕಪ್ಪು ಚುಕ್ಕೆಗಳು ಮೂಡುತ್ತವೆ. ರೋಗ ಮನೆಯಲ್ಲೇ ಅಂಟಿತೆಂದು ತೋರುವುದು ಸಹಜ. ಆದರೆ ಚಿಬ್ಬು ರೋಗದ ಶಿಲೀಂಧ್ರ ಹೆಚ್ಚಾಗಿ ತೋಟದಲ್ಲೇ, ಮಿಡಿಗಾಯಿಗೆ ಮಳೆಹನಿ ಬಿದ್ದಾಗಲೇ ಬಂದು ಸಿಪ್ಪೆಯಲ್ಲಿ ನೆಲೆಸಿರುತ್ತದೆ.

ಹಾಗಾದರೆ ಇಷ್ಟು ದಿನ ಅದನ್ನು ತಡೆದವರಾರು? ಕಾಯಿಯೇ! ಸಿಪ್ಪೆಯಲ್ಲಿರುವ ರೆಸಾರ್ಸಿನಾಲ್ ಎಂಬ ಬಗೆಯ ರಾಸಾಯನಿಕಗಳೂ ಮೈ ಸುಡುವ ಸೊನೆಯೂ ಶಿಲೀಂಧ್ರವನ್ನು ಬೆಳೆಯಗೊಡುವುದಿಲ್ಲ. ಮಾಗುತ್ತಾ ಹೋದಂತೆ ಈ ಕಾವಲು ಸಡಿಲವಾಗುತ್ತದೆ. ತಿರುಳು ಮೆತ್ತಗಾಗಿ ಸಕ್ಕರೆ ಏರುತ್ತದೆ. ಹೊಂಚು ಹಾಕಿದ್ದ ಶಿಲೀಂಧ್ರ ಎಚ್ಚರಗೊಳ್ಳುತ್ತದೆ. ನಮಗೆ ಸಿಹಿಯಾಗಬೇಕಾದರೆ ಹಣ್ಣು ತನ್ನ ಆಯುಧವನ್ನು ಕೆಳಗಿಡಲೇಬೇಕು.

ಆಮೇಲಿನ ಕಾವಲು ಮನುಷ್ಯನದು. ತೊಟ್ಟು ಉಳಿಸಿ ಕೊಯ್ದರೆ ಸೊನೆ ಕಾಯಿಯಲ್ಲೇ ಉಳಿದು ಕೊಳೆಯುವುದು ತಡವಾಗುತ್ತದೆ. ಕೊಯ್ದ ಕಾಯಿಯನ್ನು ಸುಮಾರು 52 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಕೆಲವು ನಿಮಿಷ ಅದ್ದುವ ಪದ್ಧತಿಯೂ ಇದೆ. ನೆಲಕ್ಕೆ ಉದುರಿಸಿ ಚೀಲಕ್ಕೆ ಕುಕ್ಕಿದರೆ, ಪೆಟ್ಟು ಬಿದ್ದಲ್ಲೆಲ್ಲ ಕೊಳೆರೋಗಕ್ಕೆ ಬಾಗಿಲು ತೆರೆಯುತ್ತದೆ. ರೈತನ ವರ್ಷದ ದುಡಿಮೆ ತಿಪ್ಪೆ ಸೇರುವುದು ಹೀಗೆ. ಕಾಯಿ ತಿಂಗಳುಗಟ್ಟಲೆ ತನ್ನನ್ನು ತಾನೇ ಕಾದುಕೊಂಡಿತು. ನಾವು ಒಂದು ವಾರ ಅದನ್ನು ಕಾಯಲಾರೆವೇ?