ನೋಡಿದ್ದು, ಉಂಡಿದ್ದು, ಕೊಂಡಿದ್ದು: ಶಿರಸಿ ಸೀಮೆಯಲ್ಲಿ ಮೂರು ದಿನ

ಉತ್ತರ ಕನ್ನಡ ಎಂದೊಡನೆ ಹೆಚ್ಚಿನವರ ಕಣ್ಣಮುಂದೆ ಬರುವುದು ಕಾರವಾರ, ಗೋಕರ್ಣ, ಮುರ್ಡೇಶ್ವರಗಳ ಕಡಲು. ಆದರೆ ಅಲ್ಲಿನವರನ್ನು ಕೇಳಿ ನೋಡಿ, ಜಿಲ್ಲೆಯನ್ನು ಎರಡಾಗಿ ವಿಂಗಡಿಸಿಯೇ ಮಾತಾಡುತ್ತಾರೆ: ಘಟ್ಟದ ಕೆಳಗೆ, ಘಟ್ಟದ ಮೇಲೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಘಟ್ಟದ ಮೇಲಿನವು. ಕುಮಟಾದ ಸೆಖೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಬಸ್ಸು ಹತ್ತಿದವರು, ದೇವಿಮನೆ ಘಟ್ಟದ ತಿರುವುಗಳನ್ನು ದಾಟಿ ಸುಮಾರು 60 ಕಿ.ಮೀ. ದೂರದ ಶಿರಸಿಯಲ್ಲಿ ಇಳಿಯುವಾಗ ಸ್ವೆಟರ್ ಹುಡುಕುತ್ತಾರೆ. ಕಡಲಿನಿಂದ ಎರಡು ತಾಸಿನ ದಾರಿ, ಎರಡು ಸಾವಿರ ಅಡಿ ಎತ್ತರ.

ಕಡಲನ್ನು ಮೂರು ಸಲ ನೋಡಿ ಮುಗಿಸಿದ್ದ ನಾವು ಈ ಸಲ ಅದಕ್ಕೆ ಬೆನ್ನು ಹಾಕಿ ಘಟ್ಟ ಹತ್ತಿದೆವು. ಮಾಘದ ಚಳಿ. ಸಿದ್ದಾಪುರದ ಕಡೆಯ ಹಳ್ಳಿಯೊಂದರಲ್ಲಿ ಸ್ನೇಹಿತರ ಮನೆ. ‘ಅಡಿಕೆ ಕೊಯ್ಲು ಮುಗಿಯುತ್ತ ಬಂದಿದೆ, ಆಲೆಮನೆ ಶುರುವಾಗಿದೆ, ಈಗಲೇ ಬನ್ನಿ’ ಎಂದು ಅವರು ಕರೆದಿದ್ದರು.

ಪೇಟೆಯಲ್ಲಿ

ಶಿರಸಿಗೆ ಕಾಲಿಟ್ಟವರು ಮೊದಲು ಹೋಗುವುದು ಮಾರಿಕಾಂಬಾ ದೇವಸ್ಥಾನಕ್ಕೆ. 1688ರಲ್ಲಿ ಪ್ರತಿಷ್ಠೆಯಾಯಿತೆಂದು ಹೇಳುವ ಈ ದೇವಿಯದು ಸುಮಾರು ಏಳು ಅಡಿ ಎತ್ತರದ, ಕೆಂಪು ಬಣ್ಣದ ಮರದ ಮೂರ್ತಿ. ದರ್ಶನ ಮುಗಿಸಿ ಹೊರಡುವ ಅವಸರದಲ್ಲಿ ಗೋಡೆಗಳನ್ನು ನೋಡದೆ ಬರಬೇಡಿ. ಸುಣ್ಣದ ಬಿಳಿಯ ಮೇಲೆ ಕೆಮ್ಮಣ್ಣಿನಲ್ಲಿ ಬಿಡಿಸಿದ ಕಾವಿ ಚಿತ್ರಗಳು ಅಲ್ಲಿವೆ. ಎರಡು ವರ್ಷಕ್ಕೊಮ್ಮೆ ನಡೆಯುವ ಜಾತ್ರೆಯಲ್ಲಿ ದೇವಿ ರಥವೇರಿ ಬಿಡಕಿಬಯಲಿನ ಗದ್ದುಗೆಗೆ ಬರುತ್ತಾಳೆ. ಜಾತ್ರೆಯಿಲ್ಲದ ವರ್ಷ ಊರಿಗೆ ಬೇಸರವಾಗಬಾರದೆಂದೋ ಏನೋ, ಹೋಳಿಯ ರಾತ್ರಿಗಳಲ್ಲಿ ಬೇಡರ ವೇಷ ಬೀದಿಗಿಳಿಯುತ್ತದೆ.

ದೇವಸ್ಥಾನದಷ್ಟೇ ನೋಡಬೇಕಾದದ್ದು ಅಡಿಕೆ ಮಾರುಕಟ್ಟೆ. ಪ್ರಾಂಗಣದ ಉದ್ದಕ್ಕೂ ರಾಶಿರಾಶಿ ಅಡಿಕೆ. ವ್ಯಾಪಾರಿಗಳು ಒಂದು ಹಿಡಿ ಎತ್ತಿ, ಒಂದನ್ನು ಕಡಿದು, ಬಣ್ಣ ನೋಡಿ, ಮಾತಿಲ್ಲದೆ ಚೀಟಿಯಲ್ಲಿ ದರ ಬರೆದು ಹಾಕುತ್ತಾರೆ. ಕೂಗಾಟವಿಲ್ಲ. ನಮಗೆ ಎಲ್ಲವೂ ಅಡಿಕೆಯೇ. ಅವರಿಗೆ ಬೇಯಿಸಿ ಕೆಂಪಾಗಿಸಿದ್ದು ರಾಶಿ, ಹಣ್ಣಾದುದನ್ನು ಸಿಪ್ಪೆಸಹಿತ ಒಣಗಿಸಿ ಸುಲಿದದ್ದು ಚಾಲಿ. ಅದರಾಚೆ ಬೆಟ್ಟೆ, ಬಿಳಿಗೋಟು, ಕೆಂಪುಗೋಟು. ಬೆಳೆಗಾರರೇ 1923ರಲ್ಲಿ ಕಟ್ಟಿಕೊಂಡ ತೋಟಗಾರರ ಸಹಕಾರಿ ಮಾರಾಟ ಸಂಘ ನೂರು ವರ್ಷ ದಾಟಿದೆ. 2019ರಲ್ಲಿ ‘ಶಿರಸಿ ಸುಪಾರಿ’ಗೆ ಭೌಗೋಳಿಕ ಗುರುತಿನ ಮನ್ನಣೆಯೂ ಸಿಕ್ಕಿದೆ.

ಪೇಟೆಯ ಒಂದು ಅಂಗಡಿಯಲ್ಲಿ ನಮ್ಮ ಮೊದಲ ಖರೀದಿಯೂ ಆಯಿತು. ಕಾಳುಮೆಣಸು, ಏಲಕ್ಕಿ, ಮುರುಗಲ ಸಿಪ್ಪೆ, ಜೋನಿಬೆಲ್ಲದ ಡಬ್ಬಿ, ಜೊತೆಗೆ ‘ಅಸಲಿ ಅಪ್ಪೆಮಿಡಿ’ ಎಂದು ಚೀಟಿ ಅಂಟಿಸಿದ ಎರಡು ಬಾಟಲಿ ಉಪ್ಪಿನಕಾಯಿ. ಅದರ ಕಥೆ ಮುಂದಿದೆ.

ಊಟದ ಮನೆಯಲ್ಲಿ

ಸಂಜೆ ಹಳ್ಳಿ ಮುಟ್ಟಿದೆವು. ಅಂಗಳದ ತುಂಬ ಅಡಿಕೆ ಹರವಿತ್ತು. ಸ್ನೇಹಿತರ ತಾಯಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಾರೆ, ನಾವೂ ಹಾಗೆಯೇ ಕರೆದೆವು. ಕೈಕಾಲು ತೊಳೆಯಲು ನೀರು ತೋರಿಸಿ ಅವರು ಕೇಳಿದ ಮೊದಲ ಪ್ರಶ್ನೆ, ‘ಆಸರಿಗೆ ಎಂತ ಮಾಡ್ಲಿ?’ ಬಾಯಾರಿಕೆಗೆ ಏನಾದರೂ ಕುಡಿಯದೆ ಈ ಸೀಮೆಯಲ್ಲಿ ಯಾರೂ ಜಗಲಿಯಿಂದ ಮುಂದೆ ಹೋಗುವಂತಿಲ್ಲ. ನಮಗೆ ಕಬ್ಬಿನ ಹಾಲು ಬಂತು.

ರಾತ್ರಿ ತೊಡದೇವು ಮಾಡುವುದನ್ನು ನೋಡಿದೆವು. ಒಲೆಯ ಮೇಲೆ ಮಣ್ಣಿನ ಮಡಕೆಯನ್ನು ಬೋರಲು ಹಾಕಿ ಕಾಯಿಸುತ್ತಾರೆ. ಕಬ್ಬಿನ ಹಾಲಿನಲ್ಲಿ ಕಲಸಿದ ತೆಳ್ಳನೆಯ ಅಕ್ಕಿ ಹಿಟ್ಟಿಗೆ ಬಟ್ಟೆ ಸುತ್ತಿದ ಕೋಲು ಅದ್ದಿ, ಮಡಕೆಯ ಬೆನ್ನ ಮೇಲೆ ಒಮ್ಮೆ ತೊಡೆದರೆ ಆಯಿತು. ಕ್ಷಣದಲ್ಲಿ ಕಾಗದದಂತೆ ಎದ್ದು ಬರುತ್ತದೆ, ತುಪ್ಪ ಸವರಿ ಮಡಚಬೇಕು. ನನ್ನ ಹೆಂಡತಿ ಪ್ರಯತ್ನಿಸಿದ ಮೂರೂ ಹರಿದವು. ‘ಅಡ್ಡಿಲ್ಲೆ, ಹೊಟ್ಟೆಗೆ ಹೋದ ಮೇಲೆ ಎಲ್ಲಾ ಒಂದೇಯ’ ಎಂದು ಆಯಿ ಸಮಾಧಾನ ಹೇಳಿದರು.

ಮರುದಿನ ಮಧ್ಯಾಹ್ನದ ಎಲೆಯಲ್ಲಿ ಒಂದೆಲಗದ ತಂಬುಳಿ, ಬಾಳೆಕಾಯಿ ಪಲ್ಯ, ಹಲಸಿನ ಹಪ್ಪಳ, ಕೊನೆಗೆ ಲೋಟದಲ್ಲಿ ಅಪ್ಪೆಹುಳಿ. ಬೇಯಿಸಿದ ಮಾವಿನಕಾಯಿ ಕಿವುಚಿ, ನೀರಾಗಿಸಿ, ಒಗ್ಗರಣೆ ಹಾಕಿದ ಈ ಸಾರನ್ನು ಕಲಸಿ ಉಣ್ಣುವುದಕ್ಕಿಂತ ಕುಡಿಯುವವರೇ ಹೆಚ್ಚು. ಕುಡಿದರೆ ನಿದ್ದೆ ಗ್ಯಾರಂಟಿ ಎನ್ನುತ್ತಾರೆ. ಪರೀಕ್ಷಿಸಿದ್ದೇವೆ, ನಿಜ.

ಏಳುವಷ್ಟರಲ್ಲಿ ಆಯಿ ನಮ್ಮ ಬಾಟಲಿ ತೆರೆದಿದ್ದರು. ಒಂದು ಮಿಡಿ ಕಚ್ಚಿ, ಮೂಸಿ, ನನ್ನ ಕಡೆ ತಿರುಗಿದರು: ‘ಇದು ಅಪ್ಪೆ ಅಲ್ದೋ ತಮಾ, ಬರೀ ಮಾವಿನಮಿಡಿ.’

ಬೆಟ್ಟ, ಹೊಳೆ, ಮರ

ಹಾಗಾದರೆ ಅಸಲಿ ಅಪ್ಪೆ ಯಾವುದು? ಸ್ನೇಹಿತರು ಉತ್ತರ ಕೊಡಲು ನಮ್ಮನ್ನು ಜೀಪು ಹತ್ತಿಸಿದರು.

ಅಪ್ಪೆ ಹೊಳೆದಂಡೆಯ ಕಾಡುಮರ. ಒಂದೊಂದು ಮರದ್ದು ಒಂದೊಂದು ಪರಿಮಳ. ಒಂದು ಜೀರಿಗೆಯಂತೆ, ಇನ್ನೊಂದು ಕರ್ಪೂರದಂತೆ. ಅನಂತಭಟ್ಟನ ಅಪ್ಪೆಯಂಥ ಮರಗಳಿಗೆ ಊರೂರಲ್ಲಿ ಹೆಸರಿದೆ. ಮಿಡಿಯನ್ನು ತೊಟ್ಟುಸಹಿತ ಕೊಯ್ಯಬೇಕು, ತೊಟ್ಟಿನ ಸೊನೆಯಲ್ಲೇ ಪರಿಮಳದ ಜೀವ. ಕೆ.ಜಿ. ಲೆಕ್ಕವಲ್ಲ, ನೂರಕ್ಕೆ ಇಷ್ಟೆಂದು ಎಣಿಸಿ ಮಾರುತ್ತಾರೆ. ಬೆಲೆ ಏರಿದಂತೆ ಆತುರವೂ ಏರಿತು. ಎತ್ತರದ ಮರ ಹತ್ತಿ ಒಂದೊಂದೇ ಕೊಯ್ಯುವ ತಾಳ್ಮೆಯಿಲ್ಲದವರು ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಒಂದು ವರ್ಷದ ಉಪ್ಪಿನಕಾಯಿಗೆ ಹಲವು ವರ್ಷದ ಫಸಲು ಬಲಿ. ಹೊಳೆಯಂಚಿನಲ್ಲಿ ಅಂಥ ಒಂದು ಮರ ನೋಡಿದೆವು. ಒಂದು ಕಡೆಯ ಕೊಂಬೆಗಳೆಲ್ಲ ಹೋಗಿ, ಕೈ ಕಳೆದುಕೊಂಡವರಂತೆ ನಿಂತಿತ್ತು.

ಆ ಹೊಳೆ ಅಘನಾಶಿನಿ. ಶಿರಸಿಯ ಶಂಕರಹೊಂಡದಲ್ಲಿ ಅದರ ಹುಟ್ಟು, ಕುಮಟಾ ತಾಲೂಕಿನಲ್ಲಿ ಕಡಲು ಸೇರುವುದು. ನಡುವೆ ಸಿದ್ದಾಪುರ ತಾಲೂಕಿನ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕುತ್ತದೆ. ಮಳೆಗಾಲದ ಸದ್ದಿಗೆ ಕಿವಿ ಕೇಳದಂತಾಗುವುದರಿಂದ ಊರವರು ಅದನ್ನು ಕೆಪ್ಪಜೋಗ ಎನ್ನುತ್ತಾರೆ. ನಾವು ಹೋದಾಗ ನೀರು ಇಳಿದಿತ್ತು, ಆದರೂ ಕಣಿವೆಯಿಂದ ಹೊಗೆಯಂತೆ ಹನಿ ಏಳುತ್ತಿತ್ತು. ನೋಟದ ಕಟ್ಟೆಯ ಬಳಿ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿಗಳು ಮಾತ್ರ ನಮ್ಮಂಥ ಪ್ರವಾಸಿಗಳ ಕೊಡುಗೆ.

ಮೂರನೆಯ ದಿನ ಯಲ್ಲಾಪುರದ ಕಡೆ. ದಾರಿಯಲ್ಲಿ, ಶಿರಸಿಯಿಂದ ಸುಮಾರು 15 ಕಿ.ಮೀ. ದೂರದಲ್ಲಿ ಸಹಸ್ರಲಿಂಗ. ಶಾಲ್ಮಲಾ ಹೊಳೆಯ ಬಂಡೆಬಂಡೆಗೂ ಲಿಂಗ, ನಂದಿಗಳನ್ನು ಕೆತ್ತಿದ್ದಾರೆ. ಸೋದೆಯ ಅರಸರ ಕಾಲದ ಕೆಲಸ. ನೀರು ಇಳಿದ ಈ ದಿನಗಳಲ್ಲೇ ಅವು ಚೆನ್ನಾಗಿ ಕಾಣುವುದು. ಯಲ್ಲಾಪುರದಿಂದ ಸುಮಾರು 18 ಕಿ.ಮೀ. ಆಚೆ ಮಾಗೋಡು. ಅಲ್ಲಿ ಬೇಡ್ತಿ ನದಿ ಎರಡು ಹಂತದಲ್ಲಿ ಕಣಿವೆಗೆ ಬೀಳುತ್ತದೆ. ಅಲ್ಲಿಂದ ಜೇನುಕಲ್ಲು ಗುಡ್ಡಕ್ಕೆ ಹೋಗಿ ಸೂರ್ಯಾಸ್ತ ನೋಡಿದೆವು. ಕೆಳಗೆ ಕಣ್ಣು ಹರಿಯುವಷ್ಟೂ ಕಾಡು, ನಡುವೆ ನದಿಯ ಗೆರೆ.

‘ಈ ಕಣಿವೆ ಹೀಗೆ ಉಳಿದದ್ದು ತಾನಾಗಿ ಅಲ್ಲ’ ಎಂದರು ಸ್ನೇಹಿತರು. ಬೇಡ್ತಿಗೆ ಜಲವಿದ್ಯುತ್ ಅಣೆಕಟ್ಟು ಬರುವುದಿತ್ತು. ತೋಟ, ಕಾಡು ಮುಳುಗುತ್ತವೆಂದು ಜನ ವಿರೋಧಿಸಿದರು. 1981ರಲ್ಲಿ ಶಿರಸಿಯಲ್ಲೇ ಲಾಭ ಎಷ್ಟು, ನಷ್ಟ ಎಷ್ಟು ಎಂದು ತಜ್ಞರನ್ನು ಕೂರಿಸಿ ಲೆಕ್ಕ ಹಾಕಿಸಿದರು. ನಾವು ಮೊದಲ ದಿನ ಪೇಟೆಯಲ್ಲಿ ಕಂಡ ತೋಟಗಾರರ ಸಂಘವೂ ಅದರ ಹಿಂದಿತ್ತು. ಯೋಜನೆ ನಿಂತಿತು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಲ್ಕಣಿಯವರು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕೊಡಲಿ ತಡೆದರು. ಅದೇ ಅಪ್ಪಿಕೋ ಚಳವಳಿ. ಈಗ ಬೇಡ್ತಿ–ವರದಾ ಜೋಡಣೆಯ ಪ್ರಸ್ತಾಪ ಹಳೆಯ ಚರ್ಚೆಯನ್ನು ಮತ್ತೆ ಎಬ್ಬಿಸಿದೆ.

ಇಲ್ಲಿ ‘ಬೆಟ್ಟ’ ಎಂದರೆ ಬರೀ ಗುಡ್ಡವಲ್ಲ. ಅಡಿಕೆ ತೋಟಕ್ಕೆ ಸೊಪ್ಪು, ದರಕು ಒದಗಿಸುವ ಕಾಡಿನ ಭಾಗ. ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಸೊಪ್ಪಿನ ಬೆಟ್ಟ ಬಿಟ್ಟುಕೊಟ್ಟ ಹಳೆಯ ಪದ್ಧತಿ ಇದು. ಬೆಟ್ಟದ ಸೊಪ್ಪು ಗೊಬ್ಬರವಾಗಿ ತೋಟಕ್ಕೆ, ತೋಟದ ಅಡಿಕೆ ಪೇಟೆಗೆ, ಹೊಳೆದಂಡೆಯ ಅಪ್ಪೆ ಆಯಿಯ ಭರಣಿಗೆ. ನೋಡಲು ಬಂದ ಕಾಡು, ಉಂಡ ಊಟ, ಕೊಂಡ ಸಾಮಾನು ಬೇರೆಬೇರೆ ಎಂದುಕೊಂಡಿದ್ದೆ. ಗುಡ್ಡದ ತುದಿಯಲ್ಲಿ ನಿಂತಾಗ ಮೂರೂ ಒಂದೇ ಎಂದು ತಿಳಿಯಿತು.

ಕೊನೆಯ ಖರೀದಿ

ಹೊರಡುವ ದಿನ ಆಯಿ ತಮ್ಮ ಭರಣಿಯಿಂದ ಒಂದು ಸಣ್ಣ ಡಬ್ಬಿ ತುಂಬಿಸಿಕೊಟ್ಟರು. ‘ಒದ್ದೆ ಕೈ ಹಾಕಡ’ ಎಂಬ ಎಚ್ಚರಿಕೆ ಬೇರೆ. ಹಣ ಕೊಡಲು ಹೋಗಿ ಬೈಸಿಕೊಂಡೆ. ದಾರಿಯಲ್ಲಿ ಒಂದು ಸಸ್ಯಪಾಲನೆ ಕೇಂದ್ರದಲ್ಲಿ ಅಪ್ಪೆಯ ಕಸಿಗಿಡ ಮಾರುತ್ತಿದ್ದರು. ಎರಡು ಕೊಂಡೆ. ಬೆಂಗಳೂರಿನ ಮೂರನೇ ಮಹಡಿಯಲ್ಲಿ ಅವನ್ನು ಎಲ್ಲಿ ನೆಡುವುದು? ಸ್ನೇಹಿತರ ಕೈಗೇ ಕೊಟ್ಟು ಬಂದೆ. ಹೊಳೆಯಂಚಿನ ಆ ಕೊಂಬೆಯಿಲ್ಲದ ಮರದ ಹತ್ತಿರ ನೆಟ್ಟಿದ್ದಾರಂತೆ. ಮೊನ್ನೆ ಫೋನಿನಲ್ಲಿ ಹೇಳಿದರು: ಒಂದು ಚಿಗುರಿದೆ.

ಹೋಗುವವರಿಗೆ

ಶಿರಸಿಗೆ ರೈಲಿಲ್ಲ. ತಾಳಗುಪ್ಪದವರೆಗೆ ರೈಲಿನಲ್ಲಿ ಬಂದರೆ ಸಿದ್ದಾಪುರ ಹತ್ತಿರ. ಕೊಂಕಣ ರೈಲಿನವರು ಕುಮಟಾದಲ್ಲಿ ಇಳಿಯಬಹುದು. ಬೆಂಗಳೂರು, ಹುಬ್ಬಳ್ಳಿಗಳಿಂದ ಬಸ್ಸುಗಳಿವೆ. ಜಲಪಾತಗಳಿಗೆ ಅಕ್ಟೋಬರ್‌ನಿಂದ ಡಿಸೆಂಬರ್, ಆಲೆಮನೆಗೆ ಜನವರಿ–ಫೆಬ್ರವರಿ ಒಳ್ಳೆಯದು. ಮಳೆಗಾಲದಲ್ಲಿ ಉಂಬಳದ ಕಾಟ, ಘಟ್ಟದಲ್ಲಿ ಗುಡ್ಡ ಕುಸಿತದ ಭಯ ಎರಡೂ ಇವೆ. ರಸ್ತೆಯ ಸ್ಥಿತಿ ವಿಚಾರಿಸಿ ಹೊರಡಿ. ಬನವಾಸಿಯ ಮಧುಕೇಶ್ವರ, ಸೋದೆಯ ಮಠಗಳು, ಯಾಣದ ಶಿಲೆಗಳಿಗೆ ಇನ್ನೆರಡು ದಿನ ಬೇಕು. ಉಪ್ಪಿನಕಾಯಿ ಕೊಳ್ಳುವಾಗ ಮೂಸಿ ನೋಡಿ. ಮಿಡಿಗೆ ತೊಟ್ಟಿದೆಯೇ ಎಂದೂ ಗಮನಿಸಿ.